ಎಂಟು ಕಪ್ ಚಹಾದ ತಕರಾರು

ಪಕ್ಕದ ಮನೆ ರಾಯರು ಕಾಂಪೌಂಡ್ ಗೋಡೆ ಮೇಲೆ ಪೇಪರು ಹರವಿಕೊಂಡು ಶುರುಮಾಡಿದರು. “ಮೇಷ್ಟ್ರೇ, ಕಾಫಿಗೆ ಚಿಕೋರಿ ಬಿದ್ದಿದೆಯೋ ಇಲ್ಲವೋ ಒಂದೇ ಗುಟುಕಿಗೆ ಹೇಳಿಬಿಡ್ತೀನಿ. ನಮ್ಮನೆಯವಳು ಚಿಕೋರಿದೊಂದು, ಇಲ್ಲದ್ದೊಂದು ಲೋಟ ಕೊಟ್ಟು ಪರೀಕ್ಷೆ ಮಾಡಿದಳು. ಗೆದ್ದೆ!”

“ಎರಡೇ ಲೋಟವೇ? ಬಾಯಿಗೆ ಬಂದದ್ದು ಹೇಳಿದ್ರೂ ಅರ್ಧಕ್ಕರ್ಧ ಗೆಲ್ತಿದ್ರಿ ರಾಯರೇ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲೂ ನೂರು ವರ್ಷದ ಹಿಂದೆ ಇಂಥದ್ದೇ ತಕರಾರು ಎದ್ದಿತ್ತು. ಪಾಚಿ ಬಗ್ಗೆ ಸಂಶೋಧನೆ ಮಾಡ್ತಿದ್ದ ಮ್ಯೂರಿಯಲ್ ಬ್ರಿಸ್ಟಲ್‌ಗೆ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಚಹಾ ಬಗ್ಗಿಸಿಕೊಟ್ಟ. ಆಕೆ ಬೇಡ ಅಂದಳು. ಕಪ್ಪಿಗೆ ಹಾಲೇ ಮೊದಲು ಬೀಳಬೇಕಂತೆ. ಯಾವುದು ಮೊದಲು ಬಿದ್ರೇನು ಅಂತ ಇವನು, ಕುಡಿದ್ರೆ ಗೊತ್ತಾಗುತ್ತೆ ಅಂತ ಆಕೆ.”

“ಹೆಂಗಸಿನ ನಾಲಿಗೆ ಅಲ್ವೇ, ಗೊತ್ತಾಗಿರುತ್ತೆ.”

“1935ರ ಪುಸ್ತಕದಲ್ಲಿ ಫಿಶರ್ ಇದನ್ನೇ ಎತ್ತಿಕೊಂಡ. ಎಂಟು ಕಪ್. ನಾಲ್ಕಕ್ಕೆ ಹಾಲು ಮೊದಲು, ನಾಲ್ಕಕ್ಕೆ ಚಹಾ ಮೊದಲು. ನಾಲ್ಕು ನಾಲ್ಕು ಅಂತ ಆಕೆಗೂ ಹೇಳಿರ್ತಾರೆ, ಕೊಡೋದು ಮಾತ್ರ ಚೀಟಿ ಎತ್ತಿದ ಹಾಗೆ, ಕ್ರಮವಿಲ್ಲದೆ. ಆಕೆಗೆ ಏನೂ ಗೊತ್ತಾಗಲ್ಲ, ಬರೀ ಊಹೆ ಅಂತಲೇ ಹಿಡಿದು ಹೊರಡೋದು. ನಾವು ಪಾಠದಲ್ಲಿ ನಲ್ ಹೈಪಾಥಿಸಿಸ್ ಅನ್ನೋದು ಇದಕ್ಕೇ. ಎಂಟರಲ್ಲಿ ನಾಲ್ಕನ್ನು ಆರಿಸೋ ದಾರಿ 70, ಪೂರ್ತಿ ಸರಿಯಾದದ್ದು ಒಂದೇ.”

“ಅಂದ್ರೆ ಎಂಟೂ ಸರಿ ಹೇಳಿದ್ರೆ, ಅದು ಊಹೆ ಆಗಿರೋ ಸಾಧ್ಯತೆ 70ರಲ್ಲಿ ಒಂದು.”

“ಅಲ್ಲೇ ಜಾರಿದ್ರಿ ನೋಡಿ! ಡಾಕ್ಟರೇಟ್ ಆದವರೂ ಅಲ್ಲೇ ಜಾರ್ತಾರೆ. ಊಹೆ ಅಂತಲೇ ಇಟ್ಟುಕೊಂಡ್ರೆ ಎಂಟೂ ಸರಿ ಬೀಳೋದು 70ಕ್ಕೊಂದು ಸಲ. ಬಿದ್ದಮೇಲೆ, ಅದು ಊಹೆಯಾಗಿತ್ತೇ ಅನ್ನೋದು ಬೇರೆ ಪ್ರಶ್ನೆ. ಬಸ್‌ಸ್ಟ್ಯಾಂಡ್ ಗಿಳಿಶಾಸ್ತ್ರದವನ ಗಿಳಿ ಎಂಟೂ ಕಪ್ ಸರಿಯಾಗಿ ಆರಿಸಿದ್ರೆ ಅದಕ್ಕೆ ರುಚಿ ಗೊತ್ತು ಅಂತೀರಾ?”

“ಗಿಳಿಗೆಂಥ ರುಚಿ! ಅದೃಷ್ಟ ಅಂತೀನಿ.”

“ಲೆಕ್ಕ ಮಾತ್ರ ಇಬ್ಬರಿಗೂ ಅದೇ 70ಕ್ಕೊಂದು.”

ರಾಯರು ಸ್ವಲ್ಪ ಹೊತ್ತು ಪೇಪರು ಮಡಿಸಿದರು. “ಒಂದು ಜೋಡಿ ಅದಲುಬದಲಾದ್ರೆ?”

“ಅಷ್ಟು ಅಥವಾ ಅದಕ್ಕಿಂತ ಚೆನ್ನಾಗಿ ಬರೀ ಊಹೆಯಲ್ಲೇ ಹೇಳೋ ಸಾಧ್ಯತೆ 70ರಲ್ಲಿ 17, ಅಂದ್ರೆ ನೂರಕ್ಕೆ 24. ಊಹೆಯನ್ನ ತಳ್ಳಿಹಾಕೋ ಹಾಗಿಲ್ಲ. ಹಾಗಂತ ಆಕೆಗೆ ರುಚಿ ಗೊತ್ತಿಲ್ಲ ಅಂತ ಸಾಬೀತಾಯ್ತು ಅನ್ನೋ ಹಾಗೂ ಇಲ್ಲ.”

“ಹಾಗಾದ್ರೆ ಊಹೆಯನ್ನ ತಳ್ಳಿಹಾಕೋ ಗೆರೆ ಎಲ್ಲಿ?”

“ನೂರಕ್ಕೆ 5. 1925ರಲ್ಲಿ ಫಿಶರ್ ಅನುಕೂಲಕ್ಕೆ ಅಂತ ಎಳೆದ ಗೆರೆ, ಈಗ ಶಿಲಾಶಾಸನ ಆಗಿ ಕೂತಿದೆ. ಆರೇ ಕಪ್ ಇಟ್ರೆ 20ಕ್ಕೊಂದು, ಗೆರೆ ಮೇಲೇ ಕಾಲಿಟ್ಟ ಹಾಗೆ.”

“ಅದೆಲ್ಲ ಇರಲಿ. ಆ ಯಮ್ಮ ಗೆದ್ದಳೋ ಇಲ್ಲವೋ?”

“ಎಂಟೂ ಸರಿ ಹೇಳಿದಳು ಅಂತ ಆಮೇಲೆ ಹೇಳಿದವರುಂಟು. ಫಿಶರ್ ಪುಸ್ತಕದಲ್ಲಿ ಮಾತ್ರ ಫಲಿತಾಂಶ ಇಲ್ಲ.”

“ಥೂ, ಇಷ್ಟೆಲ್ಲ ಲೆಕ್ಕ ಹಾಕಿ ಕೊನೆಯನ್ನೇ ನುಂಗಿಬಿಟ್ಟನಲ್ಲ ಮೇಷ್ಟ್ರೇ!”