ಸೋರಿದ್ದು ನಾನಲ್ಲ ಸ್ವಾಮೀ!

ಆಷಾಢದ ಆಗುಂಬೆ. ಹೋಂಸ್ಟೇ ಒಂದರ ಅಡಿಕೆ ತೋಟದ ಅಂಚಿನಲ್ಲಿ, ಒಂದು ಕೆ.ಜಿ.ಗೂ ಕಡಿಮೆ ತೂಗುವ ಚಾರಣದ ಟೆಂಟೊಂದು ಸೊಂಟ ಬಿದ್ದು ನಿಂತಿತ್ತು. ಬೆಂಗಳೂರಿನಿಂದ ಅದನ್ನು ‘ಮಳೆ ಪರೀಕ್ಷೆ’ಗೆ ತಂದವರು ನಡುರಾತ್ರಿಯೇ ಜಗಲಿಗೆ ಓಡಿದ್ದರಿಂದ, ಬೆಳಿಗ್ಗೆ ಟೆಂಟು ಬಿಡುವಾಗಿ ಮಾತಿಗೆ ಸಿಕ್ಕಿತು.

ಹೇಗಿದ್ದೀರಿ?

ಕಾಣ್ತಾ ಇದೆಯಲ್ಲ. ಹೊಟ್ಟೆಯೊಳಗೆ ನೀರು, ಬೆನ್ನ ಮೇಲೆ ಇಂಬಳ.

ನಿಮ್ಮ ಚೀಟಿಯಲ್ಲಿ 1500 ಮಿ.ಮೀ. ಅಂತಿದೆ. ಈ ಊರಿಗೆ ವರ್ಷಕ್ಕೆ ಸುಮಾರು 7000 ಮಿ.ಮೀ. ಮಳೆ. ವಿಳಾಸ ತಪ್ಪಿ ಬಂದಿರಾ?

ನಮ್ಮ ಯಜಮಾನರೂ ಇದೇ ಲೆಕ್ಕ ಹಾಕಿದರು! ಅದು ಮಳೆಯ ಅಳತೆ ಅಲ್ಲ ಮಾರಾಯ್ರೆ. ಬಟ್ಟೆಯ ತುಂಡನ್ನು ಬಿಗಿದು ಕಟ್ಟಿ ನೀರಿನ ಒತ್ತಡ ಏರಿಸ್ತಾ ಹೋಗ್ತಾರೆ. ಮೂರು ಕಡೆ ಹನಿ ಒಸರಿದ ಕೂಡಲೇ ನಿಲ್ಲಿಸಿ, ಎಷ್ಟೆತ್ತರದ ನೀರನ್ನು ತಡೆಯಿತು ಅಂತ ಬರೆದುಕೊಳ್ತಾರೆ. ನಾನು ತಡೆದದ್ದು ಒಂದೂವರೆ ಮೀಟರ್. ಆದರೆ ಅಲ್ಲಿ ಯಾರೂ ನನ್ನ ಮೇಲೆ ಮೊಣಕಾಲೂರಿ ಕತ್ತಲಲ್ಲಿ ಪವರ್ ಬ್ಯಾಂಕ್ ಹುಡುಕಲಿಲ್ಲ. ಮಳೆಹನಿಗಿಂತ ಮೊಣಕಾಲಿನ ಒತ್ತಡ ಜೋರು. ಕೆಸರು ನೆಲದ ಮೇಲೆ ಅದನ್ನು ಊರಿದರೆ ನೀರು ಒಳಗೆ ಬರದೆ ಇನ್ನೇನು?

ಹಾಗಾದರೆ ಚಾವಣಿಯಿಂದ ತೊಟ್ಟಿಕ್ಕಿದ್ದು?

ಅವರದೇ ಉಸಿರು. ಮಳೆ ಬಂತೆಂದು ಗಾಳಿಕಿಂಡಿ, ಜಿಪ್ಪು ಎಲ್ಲ ಮುಚ್ಚಿದರು. ಒಳಗೆ ಇಬ್ಬರು, ಅವರ ಒದ್ದೆ ಸಾಕ್ಸು, ಜೊತೆಗೊಂದು ನೂಡಲ್ಸ್ ಬೇಯಿಸುವ ಪ್ರಯತ್ನ. ಟೆಂಟಿನೊಳಗೆ ಒಲೆ ಹಚ್ಚಿದವರು ಬೆಳಿಗ್ಗೆ ಎದ್ದದ್ದೇ ಪುಣ್ಯ. ಬೆಂಕಿ ಬಿಡಿ, ಒಲೆಯ ಕಣ್ಣಿಗೆ ಕಾಣದ ವಿಷಾನಿಲವೇ ಸಾಕು ಜೀವ ತೆಗೆಯೋದಕ್ಕೆ. ಉಸಿರು, ಸಾಕ್ಸು, ನೂಡಲ್ಸಿನ ಹಬೆಯೆಲ್ಲ ತಣ್ಣನೆಯ ನನ್ನ ಮೈಗೆ ತಾಗಿ ಹನಿಯಾಗಿ ಅವರ ಹಣೆ ಮೇಲೇ ಬಿತ್ತು. ‘ಸೋರ್ತಿದೆ’ ಅಂತ ವಿಡಿಯೊ ಮಾಡಿದರು. ಪಕ್ಕದ ಗದ್ದೆಯಲ್ಲಿ ಮಳೆಗೆ ಗೊರಬು ಹೊದ್ದು ನಾಟಿ ಮಾಡುವ ಹೆಂಗಸರು ಆ ವಿಡಿಯೊ ನೋಡಿ ನಕ್ಕಿದ್ದಾರೆ. ಗೊರಬಿಗೆ ಬಾಗಿಲೂ ಇಲ್ಲ, ಜಿಪ್ಪೂ ಇಲ್ಲ. ಹಬೆ ತಂಗೋದೆಲ್ಲಿ?

ಹೊಲಿಗೆಯಲ್ಲೂ ನೀರು ಜಿನುಗಿದೆಯಲ್ಲ?

ಅದು ನಿಜ, ಸುಳ್ಳು ಹೇಳಲ್ಲ. ನನ್ನ ನೈಲಾನಿಗೆ ಸಿಲಿಕೋನ್ ಲೇಪನ. ಮಾಮೂಲಿ ಟೇಪು ಅದರ ಮೇಲೆ ನಿಲ್ಲೋದಿಲ್ಲ. ಸೂಜಿ ಹೋದ ದಾರಿಗೆಲ್ಲ ಸಿಲಿಕೋನ್ ಅಂಟು ಸವರಬೇಕು. ಅಂಟಿನ ಟ್ಯೂಬು ಬೆಂಗಳೂರಿನಲ್ಲಿ ಡಬ್ಬದೊಳಗೇ ಭದ್ರವಾಗಿದೆ, ಬಳಸುವ ಕ್ರಮದ ಚೀಟಿಯ ಸಮೇತ.

ಸೊಂಟ ಯಾಕೆ ಬಿತ್ತು?

ನೈಲಾನ್ ನೀರು ಹೀರಿ ಸಡಿಲ ಆಗುತ್ತೆ. ರಾತ್ರಿ ಒಮ್ಮೆ ಎದ್ದು ಹಗ್ಗ ಬಿಗಿದರೆ ಮುಗೀತು. ಎದ್ದರು, ಆದರೆ ಜಗಲಿಗೆ.

ಇಷ್ಟು ತೆಳ್ಳಗಿರಬೇಕಿತ್ತಾ?

ನನ್ನದು 20 ಡೆನಿಯರ್ ನೂಲು. ಒಂಬತ್ತು ಕಿಲೋಮೀಟರ್ ಉದ್ದದ ನೂಲು ತೂಗಿದರೆ 20 ಗ್ರಾಂ. ಬೆನ್ನಿನ ಭಾರ ಇಳಿಯಲಿ ಅಂತ ನನ್ನನ್ನು ಕೊಂಡರು. ಉಳಿದ ತೂಕದ ಜಾಗಕ್ಕೆ ಡ್ರೋನ್, ಸ್ಪೀಕರ್, ಎರಡು ಕೆ.ಜಿ. ಚಿಕನ್ ಬಂತು. ನಿಲ್ಲಿಸಿದ್ದೂ ತೋಟದ ನೀರೆಲ್ಲ ಬಂದು ಸೇರುವ ತಗ್ಗಿನಲ್ಲಿ. ಫೋಟೊಗೆ ಹಿಂದೆ ಅಡಿಕೆ ಮರ ಬರಬೇಕಿತ್ತಂತೆ.

ಒಟ್ಟಿನಲ್ಲಿ ಪರೀಕ್ಷೆಯ ಫಲಿತಾಂಶ?

ಆಗಲೇ ಐದರಲ್ಲಿ ಒಂದು ನಕ್ಷತ್ರ ಕೊಟ್ಟಾಗಿದೆ. ಅದಿರಲಿ, ಈಗ ನನ್ನನ್ನು ಒಣಗಿಸೋಕೆ ಬಚ್ಚಲೊಲೆ ಮೇಲೆ ನೇತು ಹಾಕುವ ಮಾತು ನಡೀತಿದೆ. ಅಡಿಕೆ, ಕಂಬಳಿ ಆದರೆ ಅಲ್ಲಿ ಒಣಗಿಯಾವು; ನಾನು ಕರಗಿ ಹೋಗ್ತೀನಿ. ಒದ್ದೆ ಮಡಿಚಿ ಅಟ್ಟಕ್ಕೆ ಎಸೆದರೂ ಬೂಷ್ಟು ಹಿಡಿಯುತ್ತೆ. ನೀವಾದರೂ ಒಂದು ಮಾತು ಹೇಳಿ: ಊರಿಗೆ ಹೋದ ದಿನವೇ ಬಿಚ್ಚಿ, ನೆರಳಲ್ಲಿ ಹರವಿ, ಫ್ಯಾನ್ ಹಾಕಲಿ. ಹಾಗೇ ಆ ಅಂಟಿನ ಟ್ಯೂಬನ್ನೂ ಹುಡುಕಲಿ.