ಇನ್ನೂ 12 ಪರ್ಸೆಂಟಿನಲ್ಲೇ ಇರುವ ಮಹನೀಯರಿಗೆ

ಪೀರನವಾಡಿ, ಖಾನಾಪುರ ರಸ್ತೆ

ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರಿನ ಟೆಸ್ಟ್ ಫೈಲಿನಲ್ಲಿ ಸಪರಿವಾರ ನೆಲೆಸಿರುವ ತದ್ರೂಪಿ ಸಾಲುಗಳ ಸನ್ನಿಧಾನಕ್ಕೆ,

ಉಭಯ ಕುಶಲೋಪರಿ. ನಿಮ್ಮಲ್ಲಿ ಒಬ್ಬರ ಯೋಗಕ್ಷೇಮ ಕೇಳಿದರೆ ಎಲ್ಲರದೂ ಕೇಳಿದಂತಾಯಿತು. ಗಿರಾಕಿಯ ಹೆಸರು ತುಂಬು, ಊರು ಬೆಳಗಾವಿ ಎನ್ನು, 100 ರೂಪಾಯಿಯ ಫರಸಾಣ ಪ್ಯಾಕೆಟ್ ಸೇರಿಸು, ಒಟ್ಟು 112 ಬಂತೇ ನೋಡು. ಪ್ರತಿ ಟೆಸ್ಟಿಗೂ ಇದೇ ಸಂಕಲ್ಪ. ಬಿಲ್ ನಂಬರ್ ಸರಿಯಿದೆಯೇ ಎಂದಷ್ಟೇ ನೋಡಬೇಕಾದವರಿಗೂ 112ರ ಉಸಾಬರಿ!

2025ರ ಸೆಪ್ಟೆಂಬರ್ 22ಕ್ಕೆ ಪ್ಯಾಕೆಟ್ ಫರಸಾಣದ ಜಿಎಸ್‌ಟಿ 12ರಿಂದ 5ಕ್ಕೆ ಇಳಿಯಿತು. ಅಸಲಿ ಕೋಡಿನಲ್ಲಿ ತಿದ್ದಿದ್ದು ಒಂದೇ ಸಾಲು. ಅಷ್ಟಕ್ಕೆ ನೀವೆಲ್ಲ ಒಕ್ಕೊರಲಿನಿಂದ ಕೆಂಪಗಾದಿರಿ. ಪಕ್ಕದ ಉದ್ಯಮಬಾಗಿನ ಕಾರ್ಖಾನೆಗಳಲ್ಲಿ ಸಾವಿರ ಜಾಬ್ ಕೊರೆಯಬೇಕಿದ್ದರೂ ಹಿಡಿದಿಡಲು ಒಂದೇ ಫಿಕ್ಸ್ಚರ್ ಸಾಕು; ಜಾಬಿಗೊಂದು ಫಿಕ್ಸ್ಚರ್ ಮಾಡುತ್ತ ಕೂತವನನ್ನು ಸಂಜೆಯೊಳಗೆ ಮನೆಗೆ ಕಳಿಸುತ್ತಾರೆ. ನಮ್ಮಲ್ಲಿ ಅವನಿಗೆ ಟೆಸ್ಟ್ ಸಂಖ್ಯೆ ಹೆಚ್ಚಿಸಿದ್ದಕ್ಕೆ ಶಭಾಸ್‌ಗಿರಿ.

ನಿಮ್ಮ ಕುಲಮೂಲ ಕೆದಕುವುದಿಲ್ಲ. ಸೀನಿಯರ್‌ಗಳ ಜರ್ನಲನ್ನು ರೀಡಿಂಗ್ ಸಮೇತ ಇಳಿಸಿಕೊಂಡೇ ಎಂಜಿನಿಯರ್ ಆದವರು ನಾವು. ಆದರೂ ಮುಟ್ಟಲು ಹೋದರೆ ಆಫೀಸಿನ ಹಿರಿಯರೊಬ್ಬರು, “ನಡದೈತಲ್ರಿ, ಮತ್ಯಾಕ ಮುಟ್ಟತೀರಿ?” ಎನ್ನುತ್ತಾರೆ.

ನಿಮ್ಮ ಜಾಣತನ ಮೆಚ್ಚಲೇಬೇಕು. ಎರಡು ಫೈಲುಗಳಲ್ಲಿ ನಾಲ್ಕು ಸಾಲು ಒಂದೇ ಥರ ಕಂಡರೆ ಕೋಡ್ ತಪಾಸಣೆಯ ಪೈಲಿಂಟ್ ದೂರು ಕೊಡುತ್ತದೆ. ನೀವೆಲ್ಲ ಒಂದೇ ಫೈಲಿನಲ್ಲಿ ಕೂಡುಕುಟುಂಬ ಹೂಡಿರುವುದರಿಂದ ಅದರ ಕಣ್ಣಿಗೆ ಬೀಳಲಿಲ್ಲ. ಸೋನಾರ್‌ಕ್ಯೂಬ್ ಅಂತೂ ಟೆಸ್ಟ್ ಕೋಡಿನ ನಕಲನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕೊನೆಗೆ ನಕಲು ಹಿಡಿಯಲೆಂದೇ ಇರುವ ಪಿಎಂಡಿಯ ಸಿಪಿಡಿ ಬಂದು, ಕೋಡನ್ನು ಟೋಕನ್ನುಗಳಾಗಿ ಬಿಡಿಸಿ, ಒಂದೇ ಫೈಲಿನೊಳಗಿನ ನಕಲುಗಳನ್ನೂ ಸಾಲು ನಂಬರಿನ ಸಮೇತ ಹೊರಗೆಳೆಯಿತು.

ಈಗ ನಿಮ್ಮ ಪುನರ್ವಸತಿ ಯೋಜನೆ ಕೇಳಿ. ಗಿರಾಕಿಯನ್ನೂ ಸಾಮಾನನ್ನೂ ಜೋಡಿಸುವ ಕೆಲಸ ಒಂದೇ ಫಂಕ್ಷನ್ನಿಗೆ. ದರ ಮಾತ್ರ ಬೇರೆಯಾಗುವ ಟೆಸ್ಟ್‌ಗಳೆಲ್ಲ ಪೈಟೆಸ್ಟಿನ ಪ್ಯಾರಾಮೆಟ್ರೈಸ್ ಪಟ್ಟಿಯೊಳಗೆ. ಆದರೆ ಬರಬೇಕಾದ ಮೊತ್ತ ಪ್ರತಿ ಟೆಸ್ಟಿನಲ್ಲೂ ಎದುರಿಗೇ ಇರಬೇಕು. ಅದನ್ನು ಅಸಲಿ ಕೋಡಿನಿಂದಲೇ ಲೆಕ್ಕ ಹಾಕಿಸಿಕೊಂಡರೆ ಕಳ್ಳನ ಸಾಕ್ಷಿಗೆ ಕಳ್ಳನನ್ನೇ ಕರೆದಂತೆ. ನಿಮ್ಮನ್ನು ನಿರ್ವಂಶ ಮಾಡುವ ಹುಮ್ಮಸ್ಸಿನಲ್ಲಿ ನಮ್ಮ ಹುಡುಗನೊಬ್ಬ ಟ್ರೂ, ಫಾಲ್ಸ್, ಟ್ರೂ, ಟ್ರೂ ಎಂದು ಕೇಳುವ ಮಹಾಫಂಕ್ಷನ್ ಬರೆದು ತಂದ. ಅದಕ್ಕಿಂತ ನೀವೇ ವಾಸಿ ಎಂದು ಎರಡು ಸಾಲಿನ ಚಿಲ್ಲರೆ ನಕಲುಗಳಿಗೆ ಜೀವದಾನ ಕೊಟ್ಟಿದ್ದೇನೆ.

ನಿಮ್ಮಲ್ಲೊಬ್ಬರ ವಿಷಯ ಬೇರೆ. ಪೇಸ್ಟ್ ಮಾಡಿದವರು ಹೆಸರು ಬದಲಿಸದ್ದರಿಂದ, ವಾಪಸ್ ಬಂದ ಮಾಲಿನ ಎರಡು ಟೆಸ್ಟ್‌ಗಳಿಗೆ ಒಂದೇ ಹೆಸರು. ಪೈಥಾನಿಗೆ ದಾಕ್ಷಿಣ್ಯವಿಲ್ಲ: ಅದೇ ಹೆಸರಿನ ಎರಡನೆಯ ಫಂಕ್ಷನ್ ಬಂದರೆ ಮೊದಲನೆಯದನ್ನು ಸದ್ದಿಲ್ಲದೆ ಮರೆತುಬಿಡುತ್ತದೆ. ಫ್ಲೇಕ್8 ಎಂಬ ಚಾಡಿಕೋರ ಎಫ್811 ಎಂದು ಬರೆದುಕೊಡದಿದ್ದರೆ ಆ ಮೊದಲನೆಯವರು ಒಂದು ದಿನವೂ ದುಡಿಯದೆ ನಿವೃತ್ತರಾಗುತ್ತಿದ್ದರು. ನಿನ್ನೆ ಅವರಿಗೆ ಸ್ವಂತದ ಹೆಸರಿಟ್ಟೆವು. ಜನ್ಮದಲ್ಲಿ ಮೊದಲ ಸಲ ಓಡಿದರು, ಓಡಿದೊಡನೆ ಬಿದ್ದರು. ವಾಪಸ್ ಬಂದ ಫರಸಾಣಕ್ಕೂ ನಾವು ಇನ್ನೊಮ್ಮೆ ತೆರಿಗೆ ಹಾಕುತ್ತಿದ್ದೇವಂತೆ. ಆ ಟಿಕೆಟ್ ನನ್ನ ಹೆಸರಿಗೇ ಬಂದಿದೆ. ಆದ್ದರಿಂದ ಪತ್ರ ಇಲ್ಲಿಗೆ ಸಾಕು.

ಇಂತಿ,
ನಿಮ್ಮನ್ನು ಪ್ರತಿ ಸಲವೂ ಪೂರ್ತಿ ಓದಿದ ಏಕೈಕ ವ್ಯಕ್ತಿ