ಹರಾಜು ಪಂಡಿತರಿಗೆ ಅರಸೀಕೆರೆಯಿಂದ ಒಂದು ಬಹಿರಂಗ ಪತ್ರ

ಐಪಿಎಲ್ ಹರಾಜಿಗೆ ಮುನ್ನವೇ ಆರ್‌ಸಿಬಿ ತಂಡ ಕಟ್ಟಿ ಮುಗಿಸುವ ಟಿವಿ, ಮೊಬೈಲ್, ಅರಳಿಕಟ್ಟೆ ಮತ್ತು ಟೀ ಅಂಗಡಿಗಳ ಸಮಸ್ತ ಪಂಡಿತರಿಗೆ, ಅರಸೀಕೆರೆ ತಾಲ್ಲೂಕಿನ ಒಬ್ಬ ತೆಂಗು ಬೆಳೆಗಾರನ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ಇಲ್ಲಿ ನಾವೆಲ್ಲ ಕ್ಷೇಮ. ತಾವು ಕ್ಷೇಮವೋ ಎಂದು ಕೇಳುವ ಅಗತ್ಯವೇ ಇಲ್ಲ. ಹೇಳಿದ್ದರಲ್ಲಿ ಒಂದೂ ಆಗದಿದ್ದರೂ ಮುಂದಿನ ವರ್ಷ ಅದೇ ಸೂಟು ತೊಟ್ಟು ಅದೇ ಕುರ್ಚಿಯಲ್ಲಿ ಕೂರುವ ಭಾಗ್ಯ ಮಳೆ ಭವಿಷ್ಯ ಹೇಳುವವರಿಗೂ ಇಲ್ಲ. ಅವರನ್ನು ನಾವು ರೈತರು ಸುಮ್ಮನೆ ಬಿಡುವುದಿಲ್ಲ. ತಮ್ಮನ್ನು ಯಾರೂ ಏನೂ ಕೇಳುವುದಿಲ್ಲ.

ತಮ್ಮ ಕಸುಬಿನ ಬಗ್ಗೆ ನನಗೆ ಅಪಾರ ಗೌರವ. ಹರಾಜಿಗೆ ಇನ್ನೂ ದಿನಗಳಿರುವಾಗಲೇ ಪರದೆಯ ಮೇಲೆ ಎರಡು ಕಾಲಂ ಎಳೆಯುತ್ತೀರಿ. ಎಡಗಡೆ ‘ಕೊರತೆ’, ಬಲಗಡೆ ‘ಪರಿಹಾರ’. ಕೊನೆಯ ಓವರ್ ಹಾಕುವ ವೇಗಿ ಇಲ್ಲವೇ? ಇಂಥವನು, ಹತ್ತು ಕೋಟಿ. ನಡುವಿನ ಓವರ್‌ಗಳಿಗೆ ಸ್ಪಿನ್ನರ್ ಇಲ್ಲವೇ? ಇಂಥವನು, ಆರು ಕೋಟಿ. ಕಡೆಗೆ, ಮರೆತುಹೋಯಿತು ಎಂದು ಯಾರೂ ಬೈಯದಿರಲಿ ಎಂದು, ಒಬ್ಬ ಕನ್ನಡಿಗ, ಮೂಲ ಬೆಲೆಗೆ. 25 ಜನ, ಅದರಲ್ಲಿ ವಿದೇಶಿಯರು 8 ಮೀರಬಾರದು, ಕಿಸೆಯಲ್ಲಿ ಪೈಸೆ ಉಳಿಯಬಾರದು. ಕೂಡಿಸಿ ಕಳೆದು ಕೈತೊಳೆದುಕೊಂಡರೆ ಆಟವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮುಗಿದಂತೆ.

ಹರಾಜು ನಮಗೂ ಹೊಸದಲ್ಲ. ಅರಸೀಕೆರೆ, ತಿಪಟೂರಿನ ಎಪಿಎಂಸಿಗಳಲ್ಲಿ ಕೊಬ್ಬರಿ ಟೆಂಡರ್ ನೋಡುತ್ತಲೇ ಬೆಳೆದವರು ನಾವು. ನಮ್ಮಲ್ಲೂ ಒಂದು ಮೂಲ ಬೆಲೆ ಇದೆ, ಅದಕ್ಕೆ ಬೆಂಬಲ ಬೆಲೆ ಎನ್ನುತ್ತಾರೆ. 2025ರ ಹಂಗಾಮಿನ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ್ದು ಕ್ವಿಂಟಾಲಿಗೆ 12,100 ರೂಪಾಯಿ. 2024ರ ನವೆಂಬರ್‌ನಲ್ಲಿ ಜೆಡ್ಡಾದಲ್ಲಿ ನಡೆದ ಐಪಿಎಲ್ ಮಹಾ ಹರಾಜಿನಲ್ಲಿ ಆಟಗಾರನ ಕನಿಷ್ಠ ಮೂಲ ಬೆಲೆ 30 ಲಕ್ಷ. ಅಂದರೆ ಸುಮಾರು 248 ಕ್ವಿಂಟಾಲ್ ಕೊಬ್ಬರಿ. ಅಲ್ಲಿ ರಿಷಭ್ ಪಂತ್ ಲಖನೌಗೆ ಹೋದದ್ದು 27 ಕೋಟಿಗೆ. ಅಂದರೆ ಸುಮಾರು 22,314 ಕ್ವಿಂಟಾಲ್. ಈ ಲೆಕ್ಕ ಹಾಕಿದ ಮೇಲೆ ನಮ್ಮ ಮನೆಯಲ್ಲಿ ಮಗನಿಗೆ ‘ತೋಟಕ್ಕೆ ನೀರು ಬಿಟ್ಟು ಬಾ’ ಎಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಆದರೆ ಕೊಬ್ಬರಿ ನಮಗೊಂದು ವಿನಯ ಕಲಿಸಿದೆ. ಅಟ್ಟಕ್ಕೆ ಹಾಕಿದ ಕಾಯಿ ತಿಂಗಳುಗಟ್ಟಲೆ ತಾನಾಗಿ ಒಣಗಬೇಕು. ಅಲ್ಲಾಡಿಸಿ ಕಿವಿಗೊಟ್ಟು ಕೇಳಬಹುದು, ಗಟ್ಟಿ ಕಾಯಿ ಎಂದು ಪಂಥ ಕಟ್ಟಬಹುದು. ಒಡೆಯುವ ತನಕ ಒಳಗಿರುವುದು ಉಂಡೆಯೋ ಕೊಳೆಯೋ ಎಂದು ಖಚಿತವಾಗಿ ಹೇಳಿದವರನ್ನು ನಾನು ಕಂಡಿಲ್ಲ. ತಾವು ಅಟ್ಟ ಹತ್ತುವುದಿಲ್ಲ, ಕಾಯಿ ಮುಟ್ಟುವುದಿಲ್ಲ. ಏರ್ ಕಂಡೀಷನ್ ಕೋಣೆಯಲ್ಲಿ ಕೂತು ಇದು ಉಂಡೆ, ಇದು ಕೊಳೆ ಎಂದು ವಿಂಗಡಿಸಿ ಬೆಲೆಯನ್ನೂ ಬರೆದಿಡುತ್ತೀರಿ.

ತಮ್ಮ ಶಾಸ್ತ್ರವನ್ನು ಚಾಚೂ ತಪ್ಪದೆ ಪಾಲಿಸಿದ ಒಂದು ತಂಡವಿದೆ. 2008ರ ಮಾರ್ಚ್‌ನಲ್ಲಿ ಕ್ವಾಲಾಲಂಪುರದಲ್ಲಿ 19 ವರ್ಷದೊಳಗಿನವರ ವಿಶ್ವಕಪ್ ಗೆದ್ದು ಬಂದ ಹುಡುಗರನ್ನು ಐಪಿಎಲ್‌ನವರು ಹರಾಜಿಗೆ ಹಾಕಲಿಲ್ಲ. ತಂಡಗಳು ಸರದಿಯ ಮೇಲೆ ಒಬ್ಬೊಬ್ಬರನ್ನು ಆರಿಸಿಕೊಳ್ಳಲಿ ಎಂದು ಡ್ರಾಫ್ಟ್ ಇಟ್ಟರು. ಡೆಲ್ಲಿಯ ಸರದಿ ಬೆಂಗಳೂರಿಗಿಂತ ಮೊದಲು ಬಂತು. ಕಣ್ಣೆದುರಿಗೆ ಅವರದೇ ಊರಿನ ಹುಡುಗ, ಅದೂ ಕಪ್ ಗೆದ್ದ ತಂಡದ ನಾಯಕ. ಆದರೆ ಸೆಹ್ವಾಗ್, ಗಂಭೀರ್, ಧವನ್ ಇದ್ದ ಡೆಲ್ಲಿಗೆ ಬ್ಯಾಟಿಂಗ್ ಸಾಕಾಗಿತ್ತು; ಕೊರತೆಯ ಕಾಲಂನಲ್ಲಿ ಇದ್ದದ್ದು ಬೌಲರ್. ಶಾಸ್ತ್ರ ಮೀರದೆ ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್ ಅವರನ್ನು ಕರೆದುಕೊಂಡರು. ಬಿಟ್ಟುಹೋದ ವಿರಾಟ್ ಕೊಹ್ಲಿ ಬೆಂಗಳೂರಿನ ಪಾಲಾದರು. ಡೆಲ್ಲಿಯ ಆ ವರ್ಷದ ಕೊರತೆಯೇನೋ ತುಂಬಿತು. ಅದನ್ನು ತುಂಬಲು ಹೋಗಿ ಆದ ಕೊರತೆ ಇನ್ನೂ ಹಾಗೇ ಇದೆ.

ಇದರಿಂದ ಬೆಂಗಳೂರು ಬುದ್ಧಿ ಕಲಿಯಿತು ಎಂದು ತಾವು ಹೆದರಬೇಕಿಲ್ಲ. ನಮ್ಮ ತಂಡವೂ ತಮ್ಮ ಶಿಷ್ಯನೇ. ‘ಕೊರತೆ: ವೇಗಿ’ ಎಂದು ತಾವು ಬರೆದಾಗಲೆಲ್ಲ ಅದು ಚೆಕ್ ಪುಸ್ತಕ ತೆರೆದಿದೆ. 2017ರಲ್ಲಿ ಟೈಮಲ್ ಮಿಲ್ಸ್, 12 ಕೋಟಿ: 5 ಪಂದ್ಯ, 5 ವಿಕೆಟ್. 2021ರಲ್ಲಿ ಕೈಲ್ ಜೇಮಿಸನ್, 15 ಕೋಟಿ: 9 ಪಂದ್ಯ, 9 ವಿಕೆಟ್. 2024ರಲ್ಲಿ ಅಲ್ಜಾರಿ ಜೋಸೆಫ್, 11.5 ಕೋಟಿ: 3 ಪಂದ್ಯ, 1 ವಿಕೆಟ್. ಒಟ್ಟು 38.5 ಕೋಟಿಗೆ 15 ವಿಕೆಟ್. ಒಂದೊಂದು ವಿಕೆಟ್ಟಿಗೂ ಎರಡೂವರೆ ಕೋಟಿಗೆ ಮೇಲೆ ಬಿತ್ತು. ಇಷ್ಟೆಲ್ಲ ಆದ ಮೇಲೆ ತಾವು ತುಂಬ ಯೋಚಿಸಿ ಕೊಟ್ಟ ತೀರ್ಪು ಏನು? ತಂಡಕ್ಕೆ ಒಬ್ಬ ಒಳ್ಳೆಯ ವೇಗಿ ಬೇಕು.

ಹಾಗಾದರೆ ತಂಡವನ್ನು ಕಾದವರು ಯಾರು? ಅದನ್ನು ಹೇಳಿದರೆ ತಮಗೆ ಬೇಜಾರಾಗುತ್ತದೆ, ಆದರೂ ಹೇಳುತ್ತೇನೆ.

2011ರ ಜನವರಿಯ ಹರಾಜಿನಲ್ಲಿ ಒಬ್ಬ ಜಮೈಕಾದವರನ್ನು ಯಾರೂ ಕೊಳ್ಳಲಿಲ್ಲ. ಟೂರ್ನಿ ಶುರುವಾದ ಮೇಲೆ ಡರ್ಕ್ ನ್ಯಾನೆಸ್ ಗಾಯಗೊಂಡರು ಎಂದು ಬೆಂಗಳೂರಿನವರು ಅವರಿಗೆ ಫೋನ್ ಮಾಡಿದರು. ವೇಗಿಯ ಜಾಗಕ್ಕೆ ಬ್ಯಾಟ್ಸ್‌ಮನ್! ತಮ್ಮ ಕಾಲಂಗಳ ಪ್ರಕಾರ ಇದು ಶುದ್ಧ ಅಪಚಾರ. ಬಂದ ಕ್ರಿಸ್ ಗೇಲ್ ಮೊದಲ ಪಂದ್ಯದಲ್ಲೇ ಕೋಲ್ಕತ್ತದ ವಿರುದ್ಧ ಔಟಾಗದೆ 102 ಹೊಡೆದರು, ಆ ವರ್ಷ 608 ರನ್ ಗಳಿಸಿ ಆರೆಂಜ್ ಕ್ಯಾಪ್ ತೊಟ್ಟರು, 2013ರಲ್ಲಿ ಚಿನ್ನಸ್ವಾಮಿಯಲ್ಲಿ ಪುಣೆಯ ಮೇಲೆ 175 ಹೊಡೆದು ಅಜೇಯರಾಗಿ ಉಳಿದರು.

2022ರ ಹರಾಜಿನಲ್ಲಿ ರಜತ್ ಪಾಟೀದಾರ್ ಹೆಸರಿಗೆ ಯಾವ ತಂಡವೂ ಕೈ ಎತ್ತಲಿಲ್ಲ. ತಮ್ಮ ಪಟ್ಟಿಯಲ್ಲಿ ಇದ್ದರೋ ಇಲ್ಲವೋ, ತಾವೇ ನೋಡಿಕೊಳ್ಳಿ. ನಮ್ಮ ಕರ್ನಾಟಕದ ವಿಕೆಟ್ ಕೀಪರ್ ಲವನೀತ್ ಸಿಸೋಡಿಯಾ ಗಾಯಗೊಂಡಿದ್ದರಿಂದ ಪಾಟೀದಾರ್ ಬದಲಿಯಾಗಿ ಬಂದರು. ಎಲಿಮಿನೇಟರ್‌ನಲ್ಲಿ ಲಖನೌ ವಿರುದ್ಧ ಔಟಾಗದೆ 112 ಬಾರಿಸಿದರು. ಮೂರು ವರ್ಷದ ನಂತರ ಅವರೇ ನಾಯಕರು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್‌ಗಳಿಂದ ಸೋಲಿಸಿ, 18ನೇ ಆವೃತ್ತಿಯಲ್ಲಿ ಕಪ್ ಎತ್ತಿದ ಕೈ ಆ ಬಿಕರಿಯಾಗದ ಆಟಗಾರನದು. ಅದೇ ಫೈನಲ್‌ನಲ್ಲಿ ಆಡಿದ ಮಯಾಂಕ್ ಅಗರ್ವಾಲ್? ಅವರೂ ಹರಾಜಿನಲ್ಲಿ ಉಳಿದುಹೋಗಿದ್ದವರು. ದೇವದತ್ತ ಪಡಿಕ್ಕಲ್ ಗಾಯಗೊಂಡ ಮೇಲೆ ಮೇ ತಿಂಗಳಲ್ಲಿ ಬದಲಿಯಾಗಿ ಬಂದರು.

ಆರ್‌ಸಿಬಿಯ ಹೆಣ್ಣುಮಕ್ಕಳ ತಂಡವಾದರೂ ತಮ್ಮ ಮಾತು ಉಳಿಸಿತೇ? ಅದೂ ಇಲ್ಲ. 2023ರಲ್ಲಿ 10 ಲಕ್ಷದ ಮೂಲ ಬೆಲೆಗೆ ಬಂದ ಶ್ರೇಯಾಂಕಾ ಪಾಟೀಲ್ 2024ರ ಫೈನಲ್‌ನಲ್ಲಿ 12 ರನ್ ಕೊಟ್ಟು 4 ವಿಕೆಟ್ ಕಿತ್ತು, ಪರ್ಪಲ್ ಕ್ಯಾಪ್ ಜೊತೆಗೆ ಕಪ್ಪನ್ನೂ ತಂದರು. ಗಂಡಸರಿಗಿಂತ ಒಂದು ವರ್ಷ ಮೊದಲೇ.

ತಮಗೆ ಅನ್ಯಾಯ ಮಾಡಲಾರೆ. ಜೋಶ್ ಹೇಜಲ್‌ವುಡ್ ಬೇಕೇ ಬೇಕು ಎಂದು ತಮ್ಮಲ್ಲಿ ಯಾರಾದರೂ ಹೇಳಿದ್ದರೆ ಅವರಿಗೆ ಶಾಲು ಹೊದಿಸಲು ಸಿದ್ಧ. 12.5 ಕೋಟಿಗೆ ಬಂದು 22 ವಿಕೆಟ್ ತೆಗೆದರು. ಹದಿನೆಂಟು ವರ್ಷದಲ್ಲಿ ಒಮ್ಮೆ ಹೇಳಿದ್ದು ನಿಜವಾದರೆ ಅದನ್ನು ನಾವು ಭವಿಷ್ಯ ಎನ್ನುವುದಿಲ್ಲ, ಆಕಸ್ಮಿಕ ಎನ್ನುತ್ತೇವೆ. ಶಾಲಿಗೆ ಅಷ್ಟು ಸಾಕು. ಆದರೆ 2025ರ ಆ ಕಪ್ ಬಂದ ಮರುದಿನ ಚಿನ್ನಸ್ವಾಮಿಯ ಗೇಟುಗಳ ಹೊರಗೆ ನೂಕುನುಗ್ಗಲಿನಲ್ಲಿ 11 ಜೀವಗಳು ಹೋದವು. ನಿಜವಾಗಿ ಯಾರಾದರೂ ಮೊದಲೇ ಬರೆದಿಡಬೇಕಾಗಿದ್ದ ಕೊರತೆ ಅಲ್ಲಿತ್ತು. ಅದರ ಬಗ್ಗೆ ತಮಾಷೆಗೆ ನನಗೆ ಬಾಯಿಲ್ಲ.

ಕೆ.ಎಲ್. ರಾಹುಲ್ ವಿಷಯಕ್ಕೆ ಬರೋಣ. ಜೆಡ್ಡಾ ಹರಾಜಿಗೆ ಮುನ್ನ ತಾವು ಅವರಿಗೆ ಕೆಂಪು ಜೆರ್ಸಿ ತೊಡಿಸಿ, ಕೀಪಿಂಗ್ ಗ್ಲೌಸ್ ಕೊಟ್ಟು, ನಾಯಕನ ಪಟ್ಟವನ್ನೂ ಕಟ್ಟಿದ್ದಿರಿ. ಡೆಲ್ಲಿ 14 ಕೋಟಿಗೆ ಕರೆದುಕೊಂಡು ಹೋಯಿತು. 2025ರ ಏಪ್ರಿಲ್ 10ರಂದು ಅವರು ಚಿನ್ನಸ್ವಾಮಿಗೆ ಬಂದು, ಔಟಾಗದೆ 93 ಹೊಡೆದು ಬೆಂಗಳೂರನ್ನು ಸೋಲಿಸಿ, ಬ್ಯಾಟಿನಿಂದ ನೆಲದ ಮೇಲೆ ವೃತ್ತ ಬರೆದು ಇದು ನನ್ನ ಅಂಗಳ ಎಂದು ತೋರಿಸಿದರು. ಆ ರಾತ್ರಿ ತಾವು ಟಿವಿಯಲ್ಲಿ ಏನೆಂದಿರಿ ನೆನಪಿದೆಯೇ? ‘ನಾವು ಮೊದಲೇ ಹೇಳಿದ್ದೆವು.’

ಈಗ ನಮ್ಮೂರ ಕಡೆ ಬನ್ನಿ. ಅರಸೀಕೆರೆಯಲ್ಲಿ ರೈಲು ಇಳಿದು ಹಳೇಬೀಡಿನ ಕಡೆ ಹೊರಟರೆ ದಾರಿಯಲ್ಲಿ ಜಾವಗಲ್ ಸಿಗುತ್ತದೆ. ನಮ್ಮ ತಾಲ್ಲೂಕಿನದೇ ಊರು. ಭಾರತದ ವೇಗಿ ಶ್ರೀನಾಥ್ ಹುಟ್ಟಿದ್ದು ಮೈಸೂರಿನಲ್ಲಿ, ಓದಿದ್ದು ಮೈಸೂರಿನಲ್ಲಿ. ಆದರೆ 67 ಟೆಸ್ಟ್ ಆಡಿ 236 ವಿಕೆಟ್, ಏಕದಿನದಲ್ಲಿ 315 ವಿಕೆಟ್ ತೆಗೆಯುವ ತನಕ ಹೆಸರಿನ ಮುಂದೆ ಹೊತ್ತು ತಿರುಗಿದ್ದು ಜಾವಗಲ್ಲನ್ನು. ಅರಸೀಕೆರೆಯಲ್ಲಿ 1971ರಲ್ಲಿ ಹುಟ್ಟಿದವರು ಇನ್ನೊಬ್ಬ ವೇಗಿ ಡೇವಿಡ್ ಜಾನ್ಸನ್. 1996ರ ಅಕ್ಟೋಬರ್‌ನಲ್ಲಿ ಡೆಲ್ಲಿಯಲ್ಲಿ ಆಸ್ಟ್ರೇಲಿಯ ವಿರುದ್ಧ ಟೆಸ್ಟ್‌ಗೆ ಮುನ್ನ ಶ್ರೀನಾಥ್ ಗಾಯಗೊಂಡರು. ಬದಲಿಗೆ ಕರೆ ಹೋದದ್ದು ಜಾನ್ಸನ್ ಅವರಿಗೆ. ಜಾವಗಲ್‌ಗೆ ಅರಸೀಕೆರೆ ಬದಲಿ! ಯಾವ ಪಂಡಿತರ ಪರದೆಯ ಮೇಲೂ ಇಂಥ ಸಾಲು ಬಂದಿರಲಾರದು.

ಅದೇ ವರ್ಷದ ಡಿಸೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಡರ್ಬನ್ ಟೆಸ್ಟ್. ಭಾರತದ ಬೌಲಿಂಗ್: ಶ್ರೀನಾಥ್, ವೆಂಕಟೇಶ್ ಪ್ರಸಾದ್, ಜಾನ್ಸನ್, ಅನಿಲ್ ಕುಂಬ್ಳೆ. ನಾಲ್ವರೂ ಕರ್ನಾಟಕದವರು, ಅವರಲ್ಲಿ ಇಬ್ಬರಿಗೆ ಒಂದೇ ತಾಲ್ಲೂಕಿನ ನಂಟು. ಬ್ಯಾಟಿಂಗ್ 100ಕ್ಕೂ 66ಕ್ಕೂ ಉದುರಿ ಪಂದ್ಯ ಸೋತೆವು ಎನ್ನುವುದು ಬೇರೆ ಮಾತು. ಬೌಲರ್‌ಗಳ ಕೊರತೆಯಿಂದಂತೂ ಅಲ್ಲ. ಎರಡೇ ಟೆಸ್ಟ್ ಆಡಿದ ಜಾನ್ಸನ್ 2024ರ ಜೂನ್‌ನಲ್ಲಿ ತೀರಿಕೊಂಡರು. ಹರಾಜಿಲ್ಲದ, ಕೋಟಿಯಿಲ್ಲದ, ಅಣಕು ಹರಾಜೂ ಇಲ್ಲದ ಕಾಲದಲ್ಲಿ ಒಂದು ರಾಜ್ಯ ಇಡೀ ದೇಶದ ಬೌಲಿಂಗನ್ನು ಹೊತ್ತಿತ್ತು. ಇಂದು ಅದೇ ರಾಜ್ಯದ ರಾಜಧಾನಿಯ ಹೆಸರಿನ ತಂಡ ವೇಗಿಗಾಗಿ ಜಗತ್ತೆಲ್ಲ ಸುತ್ತಿ 38.5 ಕೋಟಿಗೆ 15 ವಿಕೆಟ್ ಕೊಂಡು ತಂದಿದೆ. ರಾಜ್ಯದ್ದೇ ಟಿ20 ಟೂರ್ನಿಯಾದ ಮಹಾರಾಜ ಟ್ರೋಫಿಯಲ್ಲಿ ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು, ಶಿವಮೊಗ್ಗ, ಗುಲ್ಬರ್ಗ ಎಂದು ಆರು ತಂಡಗಳಿವೆ, ನಮ್ಮ ಜಿಲ್ಲೆ ಹಾಸನದ ಹೆಸರಿನದು ಒಂದೂ ಇಲ್ಲ. ಹಣ ಎಲ್ಲಿಗೆ ಹೋಗುತ್ತದೆ ಎಂದು ತಾವು ಭವಿಷ್ಯ ಹೇಳುತ್ತೀರಿ. ಆಟಗಾರ ಎಲ್ಲಿಂದ ಬರುತ್ತಾನೆ ಎಂದು ಮಾತ್ರ ಒಬ್ಬರೂ ಹೇಳುವುದಿಲ್ಲ, ಯಾಕೆಂದರೆ ಅದಕ್ಕೆ ತಾಲ್ಲೂಕಿನ ಮೈದಾನಕ್ಕೆ ಬರಬೇಕು, ಬಿಸಿಲಲ್ಲಿ ನಿಲ್ಲಬೇಕು.

ಇಷ್ಟು ದೂರ ಬಂದಿದ್ದೀರಿ, ಹಳೇಬೀಡು ಬೇಲೂರು ನೋಡದೆ ಹೋಗಬೇಡಿ. 1117ರಲ್ಲಿ ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ ವಿಷ್ಣುವರ್ಧನನಿಗೂ ಒಳ್ಳೆಯ ಆಳುಗಳ ತಂಡ ಬೇಕಿತ್ತು. ಬಳ್ಳಿಗಾವಿಯಿಂದ ದಾಸೋಜ ಬಂದ, ಮಗ ಚಾವಣನೂ ಬಂದ. ಅವರು ಕೆತ್ತಿದ ಮದನಿಕೆಯರ ಪೀಠದಲ್ಲಿ ಹೆಸರಿದೆ, ಊರಿದೆ, ಬೇರೆ ಶಿಲ್ಪಿಗಳಿಗೆ ಸವಾಲೆಸೆಯುವ ಬಿರುದೂ ಇದೆ. ಬೆಲೆ ಮಾತ್ರ ಇಲ್ಲ. ಮುಂದೆ ಹಳೇಬೀಡಿನ ಹೊಯ್ಸಳೇಶ್ವರ. ಅದಕ್ಕೆ ಇಂದಿಗೂ ಶಿಖರವಿಲ್ಲ. ತಾವು ಆ ಕಾಲದಲ್ಲಿ ಇದ್ದಿದ್ದರೆ ‘ಕೊರತೆ: ಶಿಖರ. ಪರಿಹಾರ: ಒಬ್ಬ ವಿದೇಶಿ ಶಿಲ್ಪಿ, ಹನ್ನೆರಡು ಕೋಟಿ’ ಎಂದು ಬರೆದು, ಗೋಡೆ ಕೆತ್ತುತ್ತಿದ್ದವರನ್ನು ಸಂಬಳ ಉಳಿಸಲು ಮನೆಗೆ ಕಳಿಸುತ್ತಿದ್ದಿರಿ. ಪುಣ್ಯಕ್ಕೆ ತಾವು ಇರಲಿಲ್ಲ. ಶಿಖರವಿಲ್ಲದ ಆ ಗುಡಿಯನ್ನು ಆ ಗೋಡೆಗಳಿಗಾಗಿಯೇ ಜಗತ್ತು ನೋಡಲು ಬರುತ್ತದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೊ ಪಟ್ಟಿ ಸೇರಿದವು. ಖಾಲಿ ಜಾಗ ಒಂದನ್ನೇ ನೋಡುವ ಕಣ್ಣಿಗೆ ಇರುವ ಗೋಡೆ ಕಾಣುವುದಿಲ್ಲ, ಪಂಡಿತರೇ. ತಂಡದ ವಿಷಯದಲ್ಲೂ ಅಷ್ಟೇ.

ಆದ್ದರಿಂದ ತಮ್ಮಲ್ಲಿ ಎರಡು ಬಿನ್ನಹ. ಒಂದು, ‘ಕೊರತೆ’, ‘ಪರಿಹಾರ’ಗಳ ಪಕ್ಕದಲ್ಲಿ ‘ಗೊತ್ತಿಲ್ಲ’ ಎಂಬ ಮೂರನೇ ಕಾಲಂ ಎಳೆಯಿರಿ. ತಮ್ಮ ಅರ್ಧ ಪರದೆ ಅದಕ್ಕೇ ಬೇಕಾದೀತು. ಎರಡು, ಮುಂದಿನ ಹರಾಜು ಮುಗಿದ ರಾತ್ರಿ ಕೋಟಿ ಪಡೆದವರ ಪಟ್ಟಿ ಬಿಟ್ಟು ಬಿಕರಿಯಾಗದವರ ಪಟ್ಟಿಯನ್ನು ಪೂರ್ತಿ ಓದಿ ಹೇಳಿ. ಅವರಲ್ಲಿ ಒಬ್ಬನಿಗೆ ಏಪ್ರಿಲ್‌ನಲ್ಲೋ ಮೇನಲ್ಲೋ ಫೋನ್ ಹೋಗುತ್ತದೆ. ಯಾರಿಗೆ ಎಂದು ಈಗಲೇ ಹೇಳಿಬಿಟ್ಟರೆ, ಅರಸೀಕೆರೆ ಜಂಕ್ಷನ್ನಿಂದ ಬೇಲೂರಿನವರೆಗೆ ತಮ್ಮನ್ನು ಮೆರವಣಿಗೆ ಮಾಡಿಸುವ ಹೊಣೆ ನಮ್ಮ ತಾಲ್ಲೂಕಿನದು.

ಇಂತಿ ತಮ್ಮ ಅಭಿಮಾನಿ,
ಅರಸೀಕೆರೆ ತಾಲ್ಲೂಕಿನ ಒಬ್ಬ ತೆಂಗು ಬೆಳೆಗಾರ

ವಿ.ಸೂ.: ಸೀಸನ್ ನಡುವೆ ತಮ್ಮ ಸ್ಟುಡಿಯೊದಲ್ಲಿ ಯಾರಿಗಾದರೂ ಗಂಟಲು ಕೂತರೆ ಬದಲಿ ಪಂಡಿತನಾಗಿ ಬರಲು ನಾನು ಸಿದ್ಧ. ಈತನಕ ನನ್ನನ್ನೂ ಯಾರೂ ಕೊಂಡಿಲ್ಲ.